ಸುಳ್ಳು ಬಾಣ

ಮನಶ್ಶಾಸ್ತ್ರ ಓದುತ್ತಿದ್ದ ಚಂದನ, ಊರಿಗಾಂನ ಸುಮಿತಾ ಅತ್ತೆಯನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿದಳು. ದೀಪ ಯಾವ ಕಡೆ ಹತ್ತಲಿದೆ ಎಂದು ಸೂಚಿಸುವ ಬಾಣ ಮೊದಲು ಪರದೆಯ ಮೇಲೆ ಮೂಡುತ್ತದೆ, ಆಮೇಲೆ ಎಡಕ್ಕೋ ಬಲಕ್ಕೋ ದೀಪ. ದೀಪ ಹತ್ತಿದ ಕಡೆಯ ಬಟನ್ ಒತ್ತಬೇಕು. ಬಾಣ ನಿಜ ಹೇಳಿದಾಗಲೆಲ್ಲ, ಥ್ರೋಬಾಲ್ ಆಡಿ ಪಳಗಿದ ಅತ್ತೆಯ ಬೆರಳು ಮಿಂಚಿನಂತೆ ಓಡಿತು. ಒಮ್ಮೆ ಬಾಣ ಎಡಕ್ಕೆ ತೋರಿಸಿ ದೀಪ ಬಲಕ್ಕೆ ಹತ್ತಿತು. ಅತ್ತೆ ಎಡಕ್ಕೇ ಒತ್ತಿ ಕಿರುಚಿದರು.

"ಅಯ್ಯೋ, ದೀಪ ನೋಡೋಕ್ ಮುಂಚೇನೇ ಕೈ ಒಂಟೋಗಿತ್ತು ಕಣೇ! ಸೋತ್ನಾ?"

"ಇಲ್ಲ ಅತ್ತೆ, ಇದೇ ಬೇಕಾಗಿತ್ತು ನಂಗೆ!" ಚಂದನ ಕುಣಿದಳು. ದೀಪ ಹತ್ತುವ ಮೊದಲೇ, ಬಾಣ ನೋಡಿಯೇ ಕೈ ಒಳಗೊಳಗೇ ಸಿದ್ಧವಾಗುವುದನ್ನು ಅವಳು ಕಣ್ಣಾರೆ ಕಂಡಿದ್ದಳು.

ಅತ್ತೆ ಸೆರಗು ಸಿಕ್ಕಿಸಿದರು. "ಇನ್ನೊಂದ್ ಸಲ ಆಕು. ಬಾಣನ ನಂಬಲ್ಲ ನಾನು!"

ಈ ಸಲ ಅತ್ತೆ ಒಂದೂ ತಪ್ಪಲಿಲ್ಲ, ಆದರೆ ಪ್ರತಿ ಸಲವೂ ನಿಧಾನ. ಬಾಣವನ್ನು ನಂಬದ ಕೈ ಮೊದಲೇ ಸಿದ್ಧವಾಗುತ್ತಿರಲಿಲ್ಲ. ಒತ್ತಲು ಹಿಡಿದ ಸಮಯ ತೋರಿಸುವ ಪರದೆಯ ಮೇಲಿನ ಗೆರೆ ಏರುತ್ತಿದ್ದಂತೆ ಚಂದನ ಅತ್ತೆಯನ್ನು ತಬ್ಬಿಕೊಂಡಳು.