ಕೆಂಪಿಯ ಅಂಗಾಲಿನ ಮುಳ್ಳು

ದೇವರು ಒಬ್ಬೊಬ್ಬರಿಗೆ ಒಂದೊಂದನ್ನು ಬೇಡವೆಂದಿರುತ್ತಾನೆ. ನನ್ನಿವಾಳದ ಆಚೆ ದೇವರೆತ್ತುಗಳ ದೊಡ್ಡಿಯಾದ ರೊಪ್ಪ ಕಾಯುವ ಬೋರಣ್ಣನಿಗೆ ಬೇಡವೆಂದದ್ದು ಕೋಳಿ. ಅವನ ಮ್ಯಾಸನಾಯಕರ ಹಟ್ಟಿಯಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ. ಅದರಲ್ಲೂ ದೇವರ ದನ ಕಾಯುವ ಕಿಲಾರಿ ಕೋಳಿ ಮುಟ್ಟಿದರೆ ರೊಪ್ಪದೊಳಗೆ ಕಾಲಿಡುವಂತಿಲ್ಲ. ಹಿರಿಯರು ಹಾಕಿದ ಕಟ್ಟು. ಯಾಕೆಂದು ಬೋರಣ್ಣ ಯಾವತ್ತೂ ಕೇಳಿದವನಲ್ಲ.

ಆ ಕಡೆ ಊರಿನ ಕೊನೆಯ ಮನೆ ನಿಂಗಕ್ಕನದು. ಕೂಲಿಗೆ ಹೋಗುವ ಹೆಂಗಸು. ಅವಳ ಅಂಗಳದಲ್ಲಿದ್ದದ್ದು ಒಂದೇ ಯಾಟೆ ಕೋಳಿ, ಕೆಂಪಿ. ಮೊಳಕಾಲ್ಮುರು ಸೀಮೆಯ ತವರಿನಲ್ಲಿ ಅವ್ವ ತೀರಿಕೊಂಡಳೆಂದು ಎಸ್‌ಟಿಡಿ ಬೂತಿಗೆ ಸುದ್ದಿ ಬಂದಾಗ ಹೋದವಳು, ತಿಥಿ ಮುಗಿಸಿ ಬರುವಾಗ ಮಂಕರಿಯಲ್ಲಿ ಈ ಕೋಳಿಯನ್ನು ತಂದಿದ್ದಳು. ಅವ್ವ ಸಾಕಿದ ಕೋಳಿಗಳಲ್ಲಿ ಉಳಿದದ್ದು ಇದೊಂದೇ. ಮಿಕ್ಕವೆಲ್ಲ ತಿಥಿಗೆ ಬಂದ ನಂಟರ ಪಾಲಾಗಿದ್ದವು. ಕೆಂಪಿಯನ್ನು ಕಾವಿಗೆ ಕೂರಿಸಿ ಮರಿ ಮಾಡಿಸಿದರೆ ಅವ್ವನ ಅಂಗಳ ತನ್ನ ಅಂಗಳದಲ್ಲಿ ಉಳಿದೀತು ಎಂಬುದು ನಿಂಗಕ್ಕನ ಆಸೆ.

ಆ ಕೆಂಪಿ ಕುಂಟತೊಡಗಿತು. ಕಾಲೆತ್ತಿ ನೋಡಿದರೆ ಅಂಗಾಲಿನಲ್ಲಿ ಹುಣಸೆಬೀಜದಷ್ಟು ಗಂಟು, ಅದರ ಮೇಲೆ ಕರಿ ಹಕ್ಕಳೆ. ನಿಂಗಕ್ಕ ಅರಿಯದೆ ಹಿಂಡಿದಳು. ಬೆಳಗಾಗುವಷ್ಟರಲ್ಲಿ ಬೆರಳುಗಳೂ ಬಾತುಕೊಂಡವು. ಚಳ್ಳಕೆರೆಯ ದನದ ಆಸ್ಪತ್ರೆಗೆ ಹೋದರೆ ಡಾಕ್ಟರು ಹಳ್ಳಿಗಳಿಗೆ ಚುಚ್ಚುಮದ್ದು ಹಾಕಲು ಹೋಗಿದ್ದರು. ವಾರಗಿತ್ತಿ ಒಲೆಯ ಮುಂದೆ ಕೂತೇ ತೀರ್ಪು ಕೊಟ್ಟಳು: "ಸಾರು ಮಾಡೇ. ಇನ್ನೊಂದಿನ ಬಿಟ್ರೆ ಅದುಕ್ಕೂ ಬರಲ್ಲ."

ಎತ್ತುಗಳ ಗೊರಸಿನಿಂದ ಮುಳ್ಳು ತೆಗೆದು ಕೀವು ಕಳೆಯುವುದರಲ್ಲಿ ಬೋರಣ್ಣನದು ಎತ್ತಿದ ಕೈ. ಅದು ನಿಂಗಕ್ಕನಿಗೆ ಗೊತ್ತಿತ್ತು. ಆದರೆ ಕೋಳಿ ಹಿಡಿದುಕೊಂಡು ಅವನ ಮುಂದೆ ಹೋಗುವುದು ಹೇಗೆಂದು ಹಿಂದುಮುಂದು ನೋಡಿದಳು. ಕೆಂಪಿ ಚೆಲ್ಲಿದ ಜೋಳಕ್ಕೂ ಏಳದಿದ್ದಾಗ ಮಂಕರಿ ಹೊತ್ತು ಹೊರಟೇಬಿಟ್ಟಳು.

ರೊಪ್ಪಕ್ಕೆ ಜಾಲಿಮುಳ್ಳಿನ ಬೇಲಿ. ಅದರ ಹೊರಗೇ ನಿಂತಳು. ಸಗಣಿ ಬಾಚುತ್ತಿದ್ದ ಬೋರಣ್ಣ ಮಂಕರಿ ಕಂಡವನೇ ಕೈ ಅಡ್ಡ ಹಿಡಿದು ಅಲ್ಲೇ ನಿಲ್ಲೆಂದ. ನಿಂತೇ ಇದ್ದೇನಲ್ಲ ಎಂದಳು ಇವಳು. ಆಮೇಲೆ ಅವ್ವನ ಸಾವು, ಉಳಿದ ಒಂದೇ ಕೋಳಿ, ತಾನು ಗಂಟು ಹಿಂಡಿದ್ದು ಎಲ್ಲವನ್ನೂ ಹೇಳಿಕೊಂಡಳು. ಬೋರಣ್ಣ ಅಪ್ಪಣೆ ಕೇಳುವವನಂತೆ ಎತ್ತುಗಳ ಕಡೆ ತಿರುಗಿದ. ಅವು ತಮ್ಮ ಪಾಡಿಗೆ ಮೆಲುಕು ಹಾಕುತ್ತಿದ್ದವು.

"ಮುಟ್ಟಾಕೆ ನಂಗೆ ಅಪ್ಪಣೆ ಇಲ್ಲ ತಂಗಿ," ಎಂದ. "ನೋಡಬ್ಯಾಡ ಅಂತ ಯಾರೂ ಹೇಳಿಲ್ಲ. ಕಣ್ಣು ನಂದು, ಕೈ ನಿಂದು."

"ನನ್ ಕೈ ನಡುಗ್ತಾವಣ್ಣ."

"ನಡುಗ್ಲಿ ಬಿಡು. ಹಿಂಡೋ ಕೈಗಿಂತ ನಡುಗೋ ಕೈ ಒಳ್ಳೇದು."

ಅವನು ಹೇಳಿದಂತೆ ನಿಂಗಕ್ಕ ಮನೆಗೆ ಹೋಗಿ ಉಪ್ಪು ಹಾಕಿದ ಬಿಸಿನೀರು, ಅರಿಶಿನ, ಬೇವಿನೆಣ್ಣೆ, ಹಳೆ ಸೀರೆಯ ಚೂರು ತಂದಳು. ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ಕುದಿಸಿಕೊಂಡು ಬಂದಳು. ಸೆರಗಿನಿಂದ ಕೆಂಪಿಯ ತಲೆ ಮುಚ್ಚಿದಳು. ಕತ್ತಲಾದರೆ ಕೋಳಿ ಸುಮ್ಮನಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ನೆನೆಯುತ್ತ ನೆನೆಯುತ್ತ ಹಕ್ಕಳೆ ಮೆತ್ತಗಾಯಿತು. ಅದರ ಅಂಚಿಗೆ ಪಿನ್ನು ತಾಗಿಸಿದ್ದೇ ತಡ, ಕೆಂಪಿ ಕೊಸರಿ ಕೂಗಿತು. ಪಿನ್ನು ಕೈಜಾರಿ ನೀರಿಗೆ ಬಿತ್ತು. ನಿಂಗಕ್ಕ ಅತ್ತೇಬಿಟ್ಟಳು.

ಬೋರಣ್ಣನ ಕೈ ಅವನಿಗೇ ತಿಳಿಯದಂತೆ ಬೇಲಿಯೊಳಗೆ ನುಗ್ಗಿತ್ತು. ಮೊಣಕೈವರೆಗೆ ಮುಳ್ಳು ಗೀರಿತು. ಅಲ್ಲಿಗೆ ನಿಂತ. ಮೆಲ್ಲನೆ ಕೈ ಹಿಂದೆಗೆದುಕೊಂಡು, ಮುಳ್ಳು ತೆಗೆಯುವಾಗ ಎತ್ತುಗಳಿಗೆ ಹಾಕುವ ದನಿಯನ್ನು ಹಾಕತೊಡಗಿದ. ಹೋ... ಹೋ ನನ್ನಪ್ಪ... ಹೋ... ಅದು ಹಾಡಲ್ಲ, ಮಂತ್ರವೂ ಅಲ್ಲ. ಕೋಳಿಗೆ ಕೇಳಿತೋ ಇಲ್ಲವೋ, ನಿಂಗಕ್ಕನ ಉಸಿರು ಹದಕ್ಕೆ ಬಂತು. ಅವಳು ಪಿನ್ನು ಹುಡುಕಿ ಒರೆಸಿದಳು. ಹಕ್ಕಳೆ ಮುಚ್ಚಳದಂತೆ ಎದ್ದಿತು. ಕೆಳಗಿದ್ದ ಕೀವು ಒಣಗಿ ಕಡಲೆಬೇಳೆಯಂತೆ ಗಟ್ಟಿಯಾಗಿತ್ತು. ಅದರ ಹಿಂದೆಯೇ ಜಾಲಿಮುಳ್ಳಿನ ಮುರಿದ ತುದಿ ಬಂತು.

ತೊಳೆದು, ಎಣ್ಣೆಯಲ್ಲಿ ಕಲಸಿದ ಅರಿಶಿನ ಮೆತ್ತಿ, ಬಟ್ಟೆ ಸುತ್ತಿದಳು. ಹುಣ್ಣು ಮಾಯುವವರೆಗೆ ಕೋಳಿ ಕಲ್ಲುಗೋಡೆ ಹತ್ತಿ ಧುಮುಕಕೂಡದು, ಒಣಹುಲ್ಲಿನ ಮೇಲೆಯೇ ಇರಬೇಕು, ದಿನವೂ ಬಟ್ಟೆ ಬದಲಿಸಬೇಕು, ಬದಲಿಸುವಾಗ ತನಗೆ ತೋರಿಸಬೇಕು ಎಂದ ಬೋರಣ್ಣ.

ದಿನಾ ಕೂಲಿಗೆ ಹೋಗುವ ಮುಂಚೆ ನಿಂಗಕ್ಕ ಬೇಲಿಯ ಹೊರಗೆ ಕೂತು ಬಟ್ಟೆ ಬಿಚ್ಚುತ್ತಿದ್ದಳು. ಅವನು ಒಳಗಿನಿಂದ ಬಗ್ಗಿ ನೋಡಿ, ಊತ ಇಳಿದಿದೆ ಎಂದೋ, ಎಣ್ಣೆ ಕಮ್ಮಿ ಹಾಕೆಂದೋ ಹೇಳುತ್ತಿದ್ದ. ವಾರಗಿತ್ತಿ ಮಾತ್ರ, ಕೋಳಿಗೂ ಕಿಲಾರಿಯ ದರ್ಶನ ಬೇಕಾಯ್ತಲ್ಲಪ್ಪ ಎಂದು ಊರೆಲ್ಲ ಹೇಳಿಕೊಂಡು ನಕ್ಕಳು.

ಒಂದು ಬೆಳಿಗ್ಗೆ ಬಟ್ಟೆ ಬಿಚ್ಚಿದಾಗ ಅಂಗಾಲಿನಲ್ಲಿ ತೆಳ್ಳನೆಯ ಹೊಸ ಚರ್ಮ ಕಂಡಿತು. ಕೆಳಗೆ ಬಿಡು ಎಂದ ಬೋರಣ್ಣ. ಕೆಂಪಿ ಮೈ ಕೊಡವಿ ಹೆಜ್ಜೆ ಹಾಕಿತು. ಏನೋ ಕಂಡು ನಿಂತು, ಕಸವನ್ನು ಪರಪರ ಕೆದಕಿತು.

"ಯಾವ ಕಾಲಾಗೆ ಕೆದಕ್ತೈತೆ, ನೋಡು."

ನಿಂಗಕ್ಕ ನೋಡಿದಳು. ಒಳ್ಳೆಯ ಕಾಲಿನಲ್ಲಿ ಕೆದಕುತ್ತಿತ್ತು. ಮೈಭಾರವೆಲ್ಲ ಮಾಯ್ದ ಕಾಲಿನ ಮೇಲಿತ್ತು. ಬೇಲಿಯ ಹೊರಗಿನಿಂದಲೇ ಎತ್ತುಗಳಿಗೊಂದು, ಅವನಿಗೊಂದು ಕೈಮುಗಿದಳು. ಮೊಟ್ಟೆಗೆ ಬಂದ ಕೂಡಲೇ ಕಾವಿಗೆ ಕೂರಿಸುತ್ತೇನೆ ಎಂದಳು ಆಮೇಲೆ.

ಬೋರಣ್ಣ ಆಗಲೇ ಕುಡುಗೋಲು ಕೈಗೆತ್ತಿಕೊಂಡಿದ್ದ.

"ಮರಿ ಆಗೋ ಹೊತ್ತಿಗೆ ಒಂದು ಮಾತು ಹೇಳು ತಂಗಿ," ಎಂದ. "ಬೇಲಿ ಬುಡ ಬಿಗಿ ಮಾಡ್ಬೇಕು. ಮರಿಗಳಿಗೆ ನಮ್ಮ ಕಟ್ಟು ಗೊತ್ತಿರಲ್ಲ."

ಹೇಳಿ, ಹೊಸ ಮುಳ್ಳು ಕಡಿಯಲು ಹೊರಟ.