ಅನುಮಾನವೋ, ಖಚಿತವೋ

ನಮ್ಮ ಕ್ಲಿನಿಕ್ಕಿನ ಕಂಪ್ಯೂಟರಿನ ಹಟ ನನಗೆ ಹೊಸದಲ್ಲ. ಎಯ್ಲರ್ಟ್ ಉಬ್ಬೆನ್‌ನ ಹೆಸರಿಗೆ ಹುಟ್ಟು ರುಬೆಲ್ಲಾ ಎಂಬ ಕಾಯಿಲೆಯ ಕೋಡ್ ಹೊಡೆದದ್ದೇ ತಡ, ಕೆಂಪಗಾಗಿ ಕೂತಿತು: 'ಇದು ಹಸುಗೂಸುಗಳ ಕಾಯಿಲೆ. ವಯಸ್ಸು ಸರಿಯಿದೆಯೇ?'

"ಸರಿಯಿದೆ ಮಾರಾಯ, ಅರವತ್ತು," ಎಂದು ಬೈದೆ.

ಎದುರಿಗೆ ಕೂತಿದ್ದ ಅವನ ತಾಯಿ ಟೊಮ್ಮಾ ಅಜ್ಜಿ ಬಗ್ಗಿ ನೋಡಿದರು. "ಏನಂತೆ ಹಿಲ್ಕೆ ಅದಕ್ಕೆ?"

"ನಿಮ್ಮ ಮಗನ್ನ ತೊಟ್ಟಿಲಿಗೆ ಹಾಕ್ಬೇಕಂತೆ."

"ಹಾಕೋಣ. ಆ ಕಾಲು ಹಿಡಿಸೋ ತೊಟ್ಟಿಲು ನೀನೇ ತಂದ್ಕೊಡು!" ಎಂದು ನಕ್ಕು, ಅದನ್ನೇ ಕೈಸನ್ನೆಯಲ್ಲಿ ಪಕ್ಕದಲ್ಲಿ ಕೂತಿದ್ದ ಮಗನಿಗೂ ಹೇಳಿದರು. ಹುಟ್ಟಿನಿಂದ ಕಿವಿ ಕೇಳದ ಎಯ್ಲರ್ಟ್ ಭುಜ ಕುಣಿಸಿ ನಕ್ಕ. ದೋಣಿ ಕಟ್ಟುವ ಬಡಗಿ ಅವನು, ಬಂಗಾರದಂಥ ಮನುಷ್ಯ.

ಅವನ ಕಿವುಡಿಗೆ ನಮ್ಮಲ್ಲಿ ಇದುವರೆಗೆ ಇದ್ದದ್ದು 'ಕಾರಣ ತಿಳಿಯದು' ಎಂಬ ಕೋಡ್. ಈಗ ಕಣ್ಣೂ ಮಂಜಾಗತೊಡಗಿದಾಗ ಎಮ್ಡೆನ್ ಪಟ್ಟಣದ ಕಣ್ಣಿನ ಡಾಕ್ಟರು ಬರೆದು ಕಳಿಸಿದ್ದರು: ತಾಯಿಗೆ ಬಸಿರಿನಲ್ಲಿ ರುಬೆಲ್ಲಾ ಬಂದಿತ್ತೇ ಕೇಳಿ, ಬಂದಿದ್ದರೆ ಮಗುವಿನ ಕಿವಿ, ಕಣ್ಣು ಎರಡಕ್ಕೂ ಪೆಟ್ಟು. ನಮ್ಮಲ್ಲಿ ಕೋಡಿನ ಬಾಲಕ್ಕೆ ಒಂದಕ್ಷರ ಹಚ್ಚಲೇಬೇಕು, ಅನುಮಾನಕ್ಕೊಂದು, ಖಚಿತಕ್ಕೊಂದು. ಯಾವುದೆಂದು ಹೇಳಬಲ್ಲವರು ಅಜ್ಜಿ ಒಬ್ಬರೇ.

ನಮ್ಮ ಡಾಕ್ಟರ್ ಫೋಕೆನ್ ಒಳಗಿನಿಂದ ಬಂದು ಮೆಲ್ಲಗೆ ಕೇಳಿದರು. "ಟೊಮ್ಮಾ ಅಮ್ಮ, ಎಯ್ಲರ್ಟ್ ಹೊಟ್ಟೇಲಿದ್ದಾಗ ನಿಮ್ಮ ಮೈಮೇಲೆ ಕೆಂಪು ದದ್ದು ಎದ್ದಿತ್ತಾ?"

ಅದನ್ನು ಮಗನಿಗೆ ತಿಳಿಸಬೇಕಿದ್ದ ಅಜ್ಜಿಯ ಕೈಗಳು ಮಡಿಲಿಗೆ ಬಿದ್ದವು. ಅವನು ತುಟಿ ನೋಡಿ ಮಾತು ತಿಳಿಯಬಲ್ಲವನು. ಅದಕ್ಕೇ ಮುಖವನ್ನು ಪೂರ್ತಿ ಗೋಡೆಯ ಕಡೆ ತಿರುಗಿಸಿಕೊಂಡರು.

"ಎದ್ದಿತ್ತು. ಅಕ್ಕನ ಮಗೂಗೆ ಬಂದಿತ್ತು. ಹೋಗ್ಬೇಡ ಅಂತ ನಮ್ಮನೆಯವ್ರು ಬಡ್ಕೊಂಡ್ರು. ನಾನೇ ಹಟ ಮಾಡಿ ಹೋಗಿ ಎತ್ತಾಡಿಸ್ಕೊಂಡು ಬಂದೆ. ಒಬ್ಬರ ಹತ್ರಾನೂ ಬಾಯಿ ಬಿಟ್ಟಿಲ್ಲ. ಅವನಿಗೆ ಹೇಳ್ಬೇಡ್ರಮ್ಮ. ಅವನು ನನ್ನ ಮುಖ ನೋಡೋದು ಬಿಟ್ರೆ ನಾನು ಯಾರನ್ನ ನೋಡ್ಕೊಂಡು ಬದುಕ್ಲಿ?"

ಖಚಿತ ಎಂದು ಬರೆದರೆ ಕಣ್ಣಿನ ಡಾಕ್ಟರಿಗೆ ಒಯ್ಯಬೇಕಾದ ಕಾಗದ ಅವನ ಕೈಗೇ ಹೋಗುತ್ತದೆ. ಬರೆಯದಿದ್ದರೆ ಕಣ್ಣಿನ ಡಾಕ್ಟರು ಕತ್ತಲಲ್ಲಿ ತಡಕಾಡಬೇಕು.

ಆದರೆ ಪ್ರಶ್ನೆ ಕೇಳಿದ ಡಾಕ್ಟರ ತುಟಿಯನ್ನು ಎಯ್ಲರ್ಟ್ ಆಗಲೇ ನೋಡಿದ್ದ. ಎದ್ದು ಬಂದು ತಾಯಿಯ ಮುಂದೆ ಮೊಣಕಾಲೂರಿದ. ಪರರ ಎದುರು ಬಾಯಿ ತೆರೆಯದವನು ತನ್ನ ಒರಟು ದನಿಯಲ್ಲಿ ಒಂದೊಂದೇ ಮಾತು ಹೊರಡಿಸಿದ.

"ಅಮ್ಮ, ನಂಗೆ ಗೊತ್ತು. ಕಿವುಡರ ಶಾಲೇಲೇ ಗೊತ್ತಾಯ್ತು. ನಮ್ಮ ಕ್ಲಾಸಲ್ಲಿ ಅರ್ಧಕ್ಕರ್ಧ ಹುಡುಗ್ರ ಅಮ್ಮಂದಿರಿಗೆ ದದ್ದು ಎದ್ದಿತ್ತು. ನಿಂಗೂ ಎದ್ದಿರ್ಬೇಕು ಅಂತ ಆಗ್ಲೇ ಅನ್ಕೊಂಡೆ." ನನ್ನ ಕಡೆ ತಿರುಗಿದ. "ಖಚಿತ ಅಂತ ಬರಿ, ಹಿಲ್ಕೆ."

ಅಜ್ಜಿ ಅವನ ಎರಡೂ ಕಿವಿ ಹಿಡಿದುಕೊಂಡರು. "ಮತ್ತೆ ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ, ಕತ್ತೆ?"

"ನೀನು ಅಳ್ತೀಯ ಅಂತ."

ಅಜ್ಜಿ ಅತ್ತರು. ಅಳಲಿ ಎಂದು ಬಿಟ್ಟು, ನಾನು ಕೋಡಿನ ಬಾಲಕ್ಕೆ ಖಚಿತದ ಅಕ್ಷರ ಹಚ್ಚಿದೆ.