ಎಡದಲ್ಲಿ ಗೀಚಿದ ಬಲಗಣ್ಣು

"ಎಡಗಣ್ಣು ಹೋದ ವರ್ಷವೇ ಆಪರೇಶನ್ ಆಗಿದೆಯಲ್ಲ ಮಗಳೇ, ಅದನ್ನೇ ಪುನಃ ಕೊಯ್ಯುವುದಾ?"

ಉಮ್ಮರಬ್ಬ ಚಾಚಿದ ಕಾಗದ ಓದಿ ವಸಂತಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಎಡಗಣ್ಣಿನ ಪೊರೆ ಈಗಾಗಲೇ ತೆಗೆದಾಗಿದೆ, ಅನುಮತಿ ಇಲ್ಲ ಎಂದು ಇನ್ಶೂರೆನ್ಸಿನವರು ಬರೆದಿದ್ದರು. ಉಮ್ಮರಬ್ಬ ದುಬೈಯ ಅಲ್ ನಹ್ದಾದಲ್ಲಿ ಶಾಲೆಯ ಬಸ್ಸು ಓಡಿಸುವವರು. ಮುಂದಿನ ತಿಂಗಳು ಲೈಸೆನ್ಸಿನ ಕಣ್ಣು ಪರೀಕ್ಷೆ. ಅದರೊಳಗೆ ಬಲಗಣ್ಣಿನ ಪೊರೆ ಹೋಗದಿದ್ದರೆ ಕೆಲಸವೂ ಇಲ್ಲ, ವೀಸಾವೂ ಇಲ್ಲ.

ಕರಾಮದ ಈ ಕಣ್ಣಿನ ಕ್ಲಿನಿಕ್ಕಿನಲ್ಲಿ ಡಾಕ್ಟರ ಚೀಟಿ ನೋಡಿ ಇನ್ಶೂರೆನ್ಸಿಗೆ ಕೋಡ್ ಹಾಕುವುದು ಒಂಬತ್ತು ವರ್ಷದಿಂದ ವಸಂತಿಯ ಕೆಲಸ. ಅವಳು ಬಲಗಣ್ಣಿನ ಕೋಡನ್ನೇ ಹಾಕಿದ್ದಳು. ತಿದ್ದಿದವನು ಹೊಸ ಮ್ಯಾನೇಜರ್ ಸುಮಿತ್. ಮಾಲೀಕರ ಹೆಂಡತಿಯ ತಮ್ಮ ಎಂಬುದೇ ಅವನ ಡಿಗ್ರಿ. ಅವನಿಗಿಂತ ಮೊದಲು ಅವನ ಸೆಂಟು ಕೋಣೆಗೆ ಬರುತ್ತಿತ್ತು, ಕೆಲಸ ಮಾತ್ರ ಬರುತ್ತಿರಲಿಲ್ಲ.

"ಚೀಟಿಯಲ್ಲಿ ಕಣ್ಣಿಗೊಂದರಂತೆ ಎರಡು ವೃತ್ತ ಇದೆ, ಡಾಕ್ಟ್ರು ಗೀಚಿದ್ದು ಎಡಗಡೆಯದ್ದರಲ್ಲಿ. ನೀವು ಬಲ ಅಂತ ಹಾಕಿದ್ರಿ, ನಾನು ಸರಿ ಮಾಡಿದೆ," ಎಂದ ಸುಮಿತ್, ಫೋನಿನಿಂದ ತಲೆಯೆತ್ತದೆ. "ಈಗ ಕೋಡರ್ ತಪ್ಪು ಅಂತ ಒಂದು ಲೆಟರ್ ಬರೀರಿ. ಯಲ್ಲಾ, ಖಲಾಸ್."

"ಡಾಕ್ಟ್ರು ರೋಗಿಯ ಎದುರು ಕೂತು ಬರೆಯುವುದು ಮಾರಾಯ್ರೆ. ನೀವೀಗ ನನ್ನ ಎದುರು ಕೂತಿದ್ದೀರಿ. ನಿಮ್ಮ ಬಲಗಣ್ಣು ನನಗೆ ಯಾವ ಕಡೆ?"

ಸುಮಿತ್ ಬಲಗಣ್ಣು ಮುಟ್ಟಿಕೊಂಡ. ಆಮೇಲೆ ಎಡಗಣ್ಣು. ಆಮೇಲೆ ಟೈ.

"ಅದೆಲ್ಲ ಡಾಕ್ಟ್ರ ವಿಷಯ. ನಂದು ಮ್ಯಾನೇಜ್‌ಮೆಂಟ್."

ಇಂಥವನು ಬಂದಾಗಲೆಲ್ಲ ಮೂರು ವಾರದಿಂದ ಎದ್ದು ನಿಲ್ಲುತ್ತಿದ್ದೆನಲ್ಲ ಎಂದು ವಸಂತಿಗೆ ತನ್ನ ಮೇಲೂ ಹೇಸಿಗೆಯಾಯಿತು. ಅರ್ಜಿಯನ್ನು ಮತ್ತೆ ತೆರೆದಳು. ತಿದ್ದುಪಡಿಗೆ ಕಾರಣ ಎಂಬಲ್ಲಿ ಟೈಪ್ ಮಾಡಿದಳು: ಕೋಡರ್ ಬಲಗಣ್ಣು ಎಂದೇ ಹಾಕಿದ್ದರು, ಮ್ಯಾನೇಜರ್ ಸುಮಿತ್ ಡಾಕ್ಟರ ಚಿತ್ರ ಅರ್ಥವಾಗದೆ ಎಡ ಮಾಡಿದರು.

"ಹೆಸರು ಎಂತಕ್ಕೆ? ಭಾವನಿಗೂ ಕಾಪಿ ಹೋಗ್ತದಲ್ಲ!" ಎಂದು ಸುಮಿತ್ ಸ್ಕ್ರೀನಿನತ್ತ ಬಗ್ಗಿದ.

"ಹೋಗಲಿ. ಸರಿ ಮಾಡಿದ್ದು ನೀವೇ ಅಲ್ವಾ?" ಎಂದು ಕಳಿಸಿಯೇಬಿಟ್ಟಳು.

ಊಟದ ಹೊತ್ತಿಗೆ ಅನುಮತಿ ಬಂತು. ಬಲಗಣ್ಣು, ಸೋಮವಾರ. ಸುಮಿತ್ ಮ್ಯಾನೇಜರ್ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಅಕ್ಕನ ಹತ್ತಿರ ಪಿಸುಗುಡುತ್ತಿದ್ದ. ಕಾದು ಕೂತಿದ್ದ ಉಮ್ಮರಬ್ಬ ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು, ಪೊರೆಗಟ್ಟಿದ ಕಣ್ಣಿನಿಂದ ಅವನತ್ತ ನೋಡಿದರು.

"ಎಂತ ಕಾಣ್ತದೆ ಕಾಕ?"

"ಕುರ್ಚಿ ಮಾತ್ರ ಕಾಣ್ತದೆ ಮಗಳೇ," ಎಂದರು ಉಮ್ಮರಬ್ಬ. ಅಂಗೈ ತೆಗೆಯಲು ಅವರಿಗೇನೂ ಅವಸರವಿರಲಿಲ್ಲ.